ಗ್ರೂಪಿಗೆ ಬಿದ್ದ ಸುಳ್ಳು ಹೊರದೇಶದ್ದೋ ಊರಿಂದೋ: ಮೊದಲ ಎರಡು ತಾಸಿನಾಗ ಏನು ಮಾಡಬೇಕು?

ಜಗತ್ ಸರ್ಕಲ್ (ಚರ್ಚೆ ಶುರು ಮಾಡಿದವರು)

ಈ ಚರ್ಚೆ ಒಂದೇ ಕೆಲಸಕ್ಕ ಇರಲಿ. ಹೊರದೇಶದಿಂದ ಬೇಕಂತಲೇ ಬಿಟ್ಟ ಸುಳ್ಳು ಕಲಬುರಗಿ, ಬೀದರ್, ಯಾದಗಿರಿ ಕಡಿ ಗ್ರೂಪಿಗೆ ಬಂದು ಬಿದ್ದರ ಊರ ಮಟ್ಟದಾಗ ಯಾರು ಏನು ಮಾಡಬೇಕು, ಯಾವುದು ಮೊದಲು, ಯಾವುದು ಆಮ್ಯಾಲ. ಯಾವ ಪಕ್ಷ ಸರಿ, ಯಾರು ದೇಶದ್ರೋಹಿ ಅನ್ನೋ ಜಗಳ ಬ್ಯಾರೆ ಕಡಿ ಇಟ್ಕೊಳ್ರಿ.

ಈ ದಂಧೆ ಹೆಂಗ ನಡೀತದ ಅನ್ನೋದಕ್ಕ ಎರಡು ಪ್ರಕರಣ ಸಾಕು. 1983ರ ಜುಲೈನಾಗ ದೆಹಲಿಯ 'ಪೇಟ್ರಿಯಟ್' ಪತ್ರಿಕೆಯಾಗ ಹೆಸರಿಲ್ಲದ ಒಂದು ಪತ್ರ ಅಚ್ಚಾಯ್ತು. ಬರೆದವರು ಒಬ್ಬ ಹೆಸರಾಂತ ಅಮೆರಿಕನ್ ವಿಜ್ಞಾನಿ ಅಂತ ಇತ್ತು. ಏಡ್ಸ್ ರೋಗ ಅಮೆರಿಕದ ಸೇನೆ ಫೋರ್ಟ್ ಡೆಟ್ರಿಕ್ ಪ್ರಯೋಗಾಲಯದಾಗ ಹುಟ್ಟಿಸಿದ್ದು ಅನ್ನೋದು ಪತ್ರದ ಸಾರ. ಹಿಂದಿದ್ದದ್ದು ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿ. ಎರಡು ವರ್ಷ ಬಿಟ್ಟು, 1985ರ ಅಕ್ಟೋಬರ್‌ನಾಗ, ಮಾಸ್ಕೋದ 'ಲಿತೆರಾತುರ್ನಾಯಾ ಗಜ್ಯೆತಾ' ಇದನ್ನ ಎತ್ಕೊಂಡು "ಭಾರತದ ಪತ್ರಿಕೆನೇ ಬರದದ" ಅಂತ ಸಾಕ್ಷಿ ತೋರಿಸ್ತು. ಅಲ್ಲಿಂದ ಅದು ಜಗತ್ತೆಲ್ಲ ಸುತ್ತಿತು. 1992ರಾಗ ರಷ್ಯಾದ ಹೊರ ಗುಪ್ತಚರ ಮುಖ್ಯಸ್ಥ ಯೆವ್ಗೆನಿ ಪ್ರಿಮಾಕೊವ್ ಅವರೇ ಒಪ್ಕೊಂಡ್ರು. ಅಂದ್ರ ಸುಳ್ಳಿಗೆ ಮಡಿ ಉಡಿಸೋ ಕೆಲಸಕ್ಕ ನಮ್ಮ ದೇಶದ ಪತ್ರಿಕೆನೇ ಬಳಸಿದ್ರು.

ಎರಡನೇದು ಹ್ಯೂಸ್ಟನ್. 2016ರ ಮೇ 21ಕ್ಕ ಅಲ್ಲಿನ ಒಂದು ಇಸ್ಲಾಮಿಕ್ ಕೇಂದ್ರದ ಮುಂದ ಒಂದು ಬದಿ ವಿರೋಧದ ಗುಂಪು, ಎದುರಿಗೆ ಬೆಂಬಲದ ಗುಂಪು ಸೇರಿದವು. ಎರಡೂ ಕಡಿಗೆ ಕರೆ ಕೊಟ್ಟ ಫೇಸ್‌ಬುಕ್ ಪೇಜ್‌ಗಳನ್ನ ನಡೆಸ್ತಿದ್ದದ್ದು ಒಂದೇ ಕಂಪನಿ, ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನ ಇಂಟರ್‌ನೆಟ್ ರಿಸರ್ಚ್ ಏಜೆನ್ಸಿ. ಅಲ್ಲಿ ನಿಂತು ಕೂಗಿದವರು ಮಾತ್ರ ಖರೇ ಅಮೆರಿಕನ್ನರು, ಅವರ ಸಿಟ್ಟೂ ಖರೇನೇ. ಬಿರುಕು ನಮ್ಮ ಗ್ವಾಡಿದು, ನೀರು ಬಿಡೋರು ಹೊರಗಿನವರು. ಅದಕ್ಕ ನೀರು ಬಿಟ್ಟವರನ್ನ ಹುಡುಕೋದರಾಗೇ ದಿನ ಕಳದ್ರ ಗ್ವಾಡಿ ಕಥಿ ಮುಗೀತದ.

ಔರಾದ್ ಗಡಿ

ನಿಮ್ಮ ಮಾತು ಒಪ್ಪತೀನಿ, ಆದ್ರ ಒಂದು ತಕರಾರು ಅದ ಅಣ್ಣಾರ. ನಮ್ಮ ಕಡಿ ರಕ್ತ ಹರಿದದ್ದು ಗುಪ್ತಚರ ಸಂಸ್ಥೆ ಸುಳ್ಳಿನಿಂದಲ್ಲ.

2018ರ ಜುಲೈ 13, ಬೀದರ್ ಜಿಲ್ಲಾದ ಮುರ್ಕಿ. ಹೈದರಾಬಾದ್ ಕಡಿಂದ ಬಂದ ಕಾರಿನವರು ದಾರಿಯಾಗ ಮಕ್ಕಳಿಗೆ ಚಾಕಲೇಟ್ ಕೊಟ್ಟರು. "ಮಕ್ಕಳ ಕಳ್ಳರು" ಅಂತ ವಿಡಿಯೊ ಅವರಿಗಿಂತ ಮುಂಚೆ ಮುಂದಿನ ಊರಿನ ಗ್ರೂಪಿಗೆ ಹೋಯ್ತು. ಮುರ್ಕಿಯಾಗ ರಸ್ತೆಗೆ ಅಡ್ಡ ಹಾಕಿದ್ರು. ಕಾರಿನಾಗಿದ್ದ ಒಬ್ಬ ಯುವಕ ಸತ್ತ. ಗ್ರೂಪ್ ಅಡ್ಮಿನ್ ಸೇರಿ 30ಕ್ಕೂ ಹೆಚ್ಚು ಜನ ಅರೆಸ್ಟ್ ಆದ್ರು.

ಆ ತಿಂಗಳುಗಳಾಗ ದೇಶದ ತುಂಬ ಓಡಾಡಿದ ಕ್ಲಿಪ್ ನೆನಪು ಮಾಡ್ಕೊಳ್ರಿ. ಬೈಕ್ ಮ್ಯಾಲ ಇಬ್ಬರು, ಓಣಿಯಾಗ ಆಡೋ ಹುಡುಗನ್ನ ಎತ್ಕೊಂಡು ಹೋಗ್ತಾರ. ಅದು ಪಾಕಿಸ್ತಾನದ ಕರಾಚಿಯಾಗ ಮಕ್ಕಳ ಸುರಕ್ಷತೆ ಬಗ್ಗೆ ತಿಳಿವಳಿಕೆಗೆ ಮಾಡಿದ ಜಾಹೀರಾತು. ಮೂಲದಾಗ ಅದೇ ಬೈಕ್ ವಾಪಸ್ ಬಂದು ಹುಡುಗನ್ನ ಇಳಿಸ್ತದ, ಸವಾರ ಒಂದು ಫಲಕ ಹಿಡಿದು ತೋರಿಸ್ತಾನ. ನಮ್ಮ ಕಡಿ ಬಂದ ಕ್ಲಿಪ್ಪಿನಾಗ ಆ ಕೊನಿ ತುಂಡು ಕತ್ತರಿ ಹಾಕಿದ್ರು. ಅಷ್ಟೇ ಮಾಡಿದ್ದು. ಸಾಮಾನು ಹೊರದೇಶದ್ದು, ಕತ್ತರಿ ನಮ್ಮವರದು.

ಅದಕ್ಕ ನನ್ನ ಪ್ರಶ್ನೆ: "ಹೊರದೇಶದ್ದು" ಅನ್ನೋ ಹಣೆಪಟ್ಟಿ ಮೊದಲು ಹುಡುಕೋದರಿಂದ ಏನು ಉಪಯೋಗ?

ಬಸವಕಲ್ಯಾಣ ಟೀಚರ್

ಮೊದಲ ಎರಡು ತಾಸಿನಲ್ಲಿ ಏನೂ ಉಪಯೋಗವಿಲ್ಲ ಸರ್. ಮೊದಲು "ಇದು ಏನು, ಯಾವಾಗಿನದು, ಎಲ್ಲಿಯದು". "ಯಾರು ಬಿಟ್ಟರು" ಎಂಬುದು ಮಾರನೇ ದಿನದ ಕೆಲಸ, ಅದೂ ಎಲ್ಲರ ಕೆಲಸವಲ್ಲ.

ವಿಡಿಯೊ ಪರೀಕ್ಷೆ ಹೀಗೆ ಮಾಡಿ. ಮೊದಲು ಮ್ಯೂಟ್ ಮಾಡಿ ಒಮ್ಮೆ ನೋಡಿ, ಆಮೇಲೆ ಕಣ್ಣು ಮುಚ್ಚಿ ಧ್ವನಿ ಮಾತ್ರ ಕೇಳಿ. ಹಳೆಯ ದೃಶ್ಯಕ್ಕೆ ಹೊಸ ಧ್ವನಿ ಅಂಟಿಸಿದ್ದರೆ ಅರ್ಧ ಸಲ ಇಲ್ಲೇ ಸಿಕ್ಕಿಬೀಳುತ್ತದೆ. ನಂತರ ನಾಲ್ಕೈದು ಕಡೆ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆಯಿರಿ. ಮುಖಕ್ಕಿಂತ ಅಂಗಡಿ ಬೋರ್ಡು, ಗುಡಿ ಅಥವಾ ಮಸೀದಿಯ ಗೋಪುರ, ಗಾಡಿ ನಂಬರ್ ಪ್ಲೇಟು, ವಿದ್ಯುತ್ ಕಂಬ ಇರುವ ಫ್ರೇಮು ಆರಿಸಿ. ಇಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ: ಮೇಲೆ ಬರೆದ ಕೆಂಪು ಪಟ್ಟಿ, ಚಾನೆಲ್ ಲೋಗೊ ಸಮೇತ, ಚಿತ್ರ ಕೊಟ್ಟು ಹುಡುಕುವ ಗೂಗಲ್ ಲೆನ್ಸಿಗೆ ಹಾಕುತ್ತಾರೆ. ಅದು ಆ ಪಟ್ಟಿಯ ಅಕ್ಷರಗಳನ್ನೇ ಹುಡುಕಿ ಅದೇ ಸುಳ್ಳಿನ ಹತ್ತು ನಕಲು ತೋರಿಸುತ್ತದೆ, ನೋಡುವವರು "ಎಲ್ಲಾ ಕಡೆ ಬಂದಿದೆ, ನಿಜವೇ ಇರಬೇಕು" ಎಂದುಕೊಳ್ಳುತ್ತಾರೆ. ಪಟ್ಟಿ ಕ್ರಾಪ್ ಮಾಡಿ ತೆಗೆದುಹಾಕಿ, ಚಿತ್ರ ಮಾತ್ರ ಕೊಡಿ. ಸಿಗದಿದ್ದರೆ ಎಡಬಲ ತಿರುಗಿಸಿ ಮತ್ತೆ ಕೊಡಿ, ಕನ್ನಡಿಯ ಹಾಗೆ ತಿರುಗಿಸಿ ಬಿಡುವುದು ಹಳೆಯ ಉಪಾಯ. ಚಿತ್ರ ಹುಡುಕುವ ಬೇರೆ ತಾಣಗಳಾದ ಯಾಂಡೆಕ್ಸ್ ಮತ್ತು ಟಿನ್‌ಐ ಎರಡರಲ್ಲೂ ನೋಡಿ, ಒಂದರಲ್ಲಿ ಸಿಗದ್ದು ಇನ್ನೊಂದರಲ್ಲಿ ಸಿಗುತ್ತದೆ. ಕಂಪ್ಯೂಟರ್ ಇದ್ದರೆ ಇನ್‌ವಿಡ್ ಎಂಬ ಉಚಿತ ಪ್ಲಗಿನ್ ಫ್ರೇಮುಗಳನ್ನು ತಾನೇ ಬಿಡಿಸಿಕೊಡುತ್ತದೆ.

ಕರಾಚಿ ಕ್ಲಿಪ್ ವಿಷಯದಲ್ಲಿ ಒಂದು ಎಚ್ಚರ. ಗಾಡಿಗಳು ರಸ್ತೆಯ ಎಡಕ್ಕೆ ಹೋಗುತ್ತಿವೆ, ಹಾಗಾಗಿ ಭಾರತದ್ದೇ ಎಂದು ಕೆಲವರು ವಾದಿಸುತ್ತಾರೆ. ಪಾಕಿಸ್ತಾನ, ಬಾಂಗ್ಲಾದೇಶ, ಶ್ರೀಲಂಕಾ ಎಲ್ಲ ಕಡೆಯೂ ಎಡಕ್ಕೇ ಹೋಗುತ್ತಾರೆ. ಗೋಡೆಯ ಮೇಲಿನ ಉರ್ದುವೂ ಸಾಕ್ಷಿಯಲ್ಲ, ಕಲಬುರಗಿಯಲ್ಲಿ ಉರ್ದು ಬೋರ್ಡು ಬೇಕಾದಷ್ಟಿವೆ.

ಸುಮ್ಮನೆ ಓದುಗ

ಇಷ್ಟೆಲ್ಲ ಯಾಕ್ರಿ ಮೇಡಂ. ಕಳಿಸಿದ ನಂಬರ್ 92 ಇಂದ ಶುರುವಾಗಿದ್ರ ಪಾಕಿಸ್ತಾನ, 91 ಇದ್ರ ನಮ್ಮವರು. ಮುಗೀತಲ್ಲ?

ಡೆಸ್ಕ್ ಕಲಬುರಗಿ

ಅಷ್ಟು ಸುಲಭ ಇದ್ದರೆ ಗುಪ್ತಚರ ಇಲಾಖೆಗೆ ಬೀಗ ಹಾಕಬಹುದಿತ್ತು. ಆನ್‌ಲೈನ್‌ನಲ್ಲೇ ಪಡೆಯುವ ವರ್ಚುವಲ್ ನಂಬರ್ ಯಾವ ದೇಶದ್ದು ಬೇಕಾದರೂ ಸಿಗುತ್ತದೆ, ಸುಳ್ಳಿಗೆ ಬೇಕಾದ "ವೈರಿ" ಮುಖ ತೊಡಿಸಲೆಂದೇ 92 ಬಳಸುವವರೂ ಇದ್ದಾರೆ. ಮೂಲ ಹುಡುಕುವಾಗ ನಮಗೆ ನಿಜಕ್ಕೂ ಕಾಣುವುದು ಸುಳಿವು ಮಾತ್ರ, ತೀರ್ಪಲ್ಲ.

ಫೇಸ್‌ಬುಕ್ ಪೇಜಿನಲ್ಲಿ 'ಪೇಜ್ ಟ್ರಾನ್ಸ್‌ಪರೆನ್ಸಿ' ತೆರೆದರೆ ಪೇಜ್ ಯಾವಾಗ ಶುರುವಾಯಿತು, ಎಷ್ಟು ಸಲ ಹೆಸರು ಬದಲಾಯಿತು, ನಡೆಸುವವರು ಯಾವ ದೇಶದಲ್ಲಿದ್ದಾರೆ ಎಂಬುದು ಸಾಮಾನ್ಯವಾಗಿ ಇರುತ್ತದೆ. ಅಡುಗೆ ರೆಸಿಪಿ ಪೇಜಾಗಿ ಹುಟ್ಟಿ ಚುನಾವಣೆ ಹೊತ್ತಿಗೆ "ಕಲ್ಯಾಣ ಧ್ವನಿ" ಥರದ ಹೆಸರು ಪಡೆದ ಪೇಜ್ ಕಂಡರೆ ಎಚ್ಚರವಾಗಿ. ಎಕ್ಸ್‌ನಲ್ಲಿ 2025ರ ನವೆಂಬರ್‌ನಿಂದ ಖಾತೆ ಯಾವ ದೇಶದ್ದು ಎಂದು ತೋರಿಸುತ್ತಾರೆ, ಆದರೆ ಇರುವ ಜಾಗ ಮರೆಮಾಡುವ ವಿಪಿಎನ್ ಹಾಕಿದವರದ್ದು ತಪ್ಪಾಗಬಹುದು. ಯೂಟ್ಯೂಬ್ ಚಾನೆಲ್ಲಿನ 'ಅಬೌಟ್' ಭಾಗದಲ್ಲಿರುವ ದೇಶ ಚಾನೆಲಿನವರು ತಾವೇ ಆರಿಸಿಕೊಂಡದ್ದು, ಅದನ್ನು ನಂಬುವ ಹಾಗಿಲ್ಲ. 2021ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಪಾಕಿಸ್ತಾನದಿಂದ ನಡೆಯುತ್ತಿದ್ದ 20 ಯೂಟ್ಯೂಬ್ ಚಾನೆಲ್ ಮತ್ತು 2 ವೆಬ್‌ಸೈಟ್ ಮುಚ್ಚಿಸಿತು. ಅವು ಬಳಸುತ್ತಿದ್ದ ವಿಷಯಗಳು ಕಾಶ್ಮೀರ, ಸೇನೆ, ಅಲ್ಪಸಂಖ್ಯಾತರು, ರೈತ ಹೋರಾಟ. ಒಂದೂ ಅವರು ಹುಟ್ಟಿಸಿದ ವಿಷಯವಲ್ಲ.

ವೆಬ್‌ಸೈಟ್ ನಕಲು ಇನ್ನೊಂದು ಬಗೆ. 2022ರಲ್ಲಿ ಯುರೋಪಿನ ಸಂಶೋಧಕರು ಬಯಲಿಗೆಳೆದ 'ಡಾಪಲ್‌ಗ್ಯಾಂಗರ್' ಎಂಬ ರಷ್ಯನ್ ಜಾಲ ಜರ್ಮನಿಯ ಸ್ಪೀಗೆಲ್, ಬಿಲ್ಡ್, ಬ್ರಿಟನ್ನಿನ ಗಾರ್ಡಿಯನ್ ಮುಂತಾದವುಗಳ ಪುಟವನ್ನು ಬಣ್ಣ, ಅಕ್ಷರ, ಲೋಗೊ ಸಮೇತ ನಕಲು ಮಾಡಿತ್ತು. ವ್ಯತ್ಯಾಸ ವಿಳಾಸದ ಬಾಲದಲ್ಲಿ ಮಾತ್ರ: 'ಡಾಟ್ ಡಿಇ' ಇರಬೇಕಾದ ಕಡೆ 'ಡಾಟ್ ಎಲ್‌ಟಿಡಿ'. ಆ ಪುಟದ ಬೇರೆ ಕೊಂಡಿ ಒತ್ತಿದರೆ ಅಸಲಿ ಪತ್ರಿಕೆಗೇ ಹೋಗುತ್ತಿತ್ತು, ಹಾಗಾಗಿ ಅನುಮಾನವೇ ಬರುತ್ತಿರಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ಇಂಥ 32 ವಿಳಾಸ ಜಪ್ತಿ ಮಾಡಿತು. ಕನ್ನಡ ಪತ್ರಿಕೆಯ ಸುದ್ದಿಯ ಸ್ಕ್ರೀನ್‌ಶಾಟ್ ಬಂದರೆ ಮಾಡಬೇಕಾದ್ದು ಇಷ್ಟೇ: ವಿಳಾಸ ಕೈಯಾರೆ ಟೈಪ್ ಮಾಡಿ ಆ ಪತ್ರಿಕೆಯ ತಾಣಕ್ಕೆ ಹೋಗಿ ಅದೇ ತಲೆಬರಹ ಹುಡುಕುವುದು. ವಿಳಾಸದ ಮೇಲೇ ಅನುಮಾನವಿದ್ದರೆ 'ಹೂ ಈಸ್' ಹುಡುಕಾಟದಲ್ಲಿ ನೋಂದಣಿ ದಿನಾಂಕ ನೋಡಿ. ಐವತ್ತು ವರ್ಷದ ಪತ್ರಿಕೆಯ ವಿಳಾಸ ಹದಿನೈದು ದಿನದ ಹಿಂದೆ ನೋಂದಣಿಯಾಗಿದ್ದರೆ ಉತ್ತರ ಸಿಕ್ಕಿತು.

ಬೀದರಿನವರಿಗೆ ಒಂದು ವಿಶೇಷ ಮಾತು. 2024ರಲ್ಲಿ ಮೆಟಾ ಕಂಪನಿ ಚೀನಾದಿಂದ ನಡೆಯುತ್ತಿದ್ದ ಒಂದು ಜಾಲ ತೆಗೆದುಹಾಕಿತು. ಸಿಖ್ಖರ ಹೆಸರಿನ ನಕಲಿ ಖಾತೆಗಳಿಂದ ಭಾರತವೂ ಸೇರಿ ಹಲವು ದೇಶಗಳ ಸಿಖ್ಖರನ್ನು ಗುರಿ ಮಾಡಿದ್ದ ಜಾಲ ಅದು. ಗುರುದ್ವಾರ ನಾನಕ್ ಝೀರಾ ಇರುವ ಊರಿನಲ್ಲಿ "ಇದೆಲ್ಲ ಪಂಜಾಬಿನ ವಿಷಯ" ಎಂದು ಬಿಡುವ ಹಾಗಿಲ್ಲ.

ಔರಾದ್ ಗಡಿ

ನಿಮ್ಮ ಕಡಿ ಪತ್ರಿಕಾ, ಟಿವಿಯವರ ಬಗ್ಗೆನೂ ಒಂದು ಮಾತು ಬರೀರಿ ಸರ್. 2025ರ ಮೇ ತಿಂಗಳಾಗ ಆಪರೇಷನ್ ಸಿಂಧೂರದ ವ್ಯಾಳ್ಯಾದಾಗ ಗಡಿ ಆಚಿಂದ ಬಂದ ಸುಳ್ಳು ಒಂದು ಕಡಿ. ಕರಾಚಿ ಬಂದರು ನಾಶ ಆಯ್ತು ಅಂತ ರಾತ್ರಿಯೆಲ್ಲ ಕೂಗಿದ್ದು ನಮ್ಮ ಟಿವಿಗಳೇ ಅಲ್ಲೇನು?

ಡೆಸ್ಕ್ ಕಲಬುರಗಿ

ಒಪ್ಪಿದೆ, ಅದಕ್ಕೆ ಸಮರ್ಥನೆ ಇಲ್ಲ. ಪರಿಣಾಮ ಇನ್ನೂ ಕೆಟ್ಟದ್ದು: ನಮ್ಮ ಒಂದು ಸುಳ್ಳು ಸಿಕ್ಕಿಬಿದ್ದರೆ ಮುಂದೆ ನಾವು ಹೇಳುವ ನಿಜಕ್ಕೂ ಬೆಲೆ ಇರುವುದಿಲ್ಲ. ಎಟಿಎಂ ಎರಡು ಮೂರು ದಿನ ಬಂದ್ ಎಂಬ ವದಂತಿಯನ್ನು ಅದೇ ವಾರ ಕೇಂದ್ರ ಸರ್ಕಾರದ ವಾರ್ತಾ ಸಂಸ್ಥೆ ಪಿಐಬಿಯ ಫ್ಯಾಕ್ಟ್ ಚೆಕ್ (ಸುದ್ದಿ ಪರಿಶೀಲನೆ) ಘಟಕ ಅಲ್ಲಗಳೆಯಿತು. 2021ರ ತೈಲ ಟ್ಯಾಂಕರ್ ಸ್ಫೋಟದ ವಿಡಿಯೊವನ್ನು ಗುಜರಾತಿನ ಹಜೀರಾ ಬಂದರಿನ ದಾಳಿ ಎಂದು ಬಿಟ್ಟಿದ್ದನ್ನೂ ಹೇಳಿತು. ಆದರೆ ಪಿಐಬಿ ನೋಡುವುದು ಕೇಂದ್ರ ಸರ್ಕಾರದ ವಿಷಯ ಮಾತ್ರ. ಸುರಪುರದ ಜಗಳದ ವಿಡಿಯೊ ಕಳಿಸಿದರೆ ಉತ್ತರ ಬರುವುದಿಲ್ಲ. ಆಡಿಯೊ, ಡೀಪ್‌ಫೇಕ್ ಅನುಮಾನವಿದ್ದರೆ ಸ್ವತಂತ್ರ ಫ್ಯಾಕ್ಟ್ ಚೆಕ್ ಸಂಸ್ಥೆಗಳ ಒಕ್ಕೂಟ 2024ರ ಮಾರ್ಚ್‌ನಲ್ಲಿ ಶುರು ಮಾಡಿದ ಡೀಪ್‌ಫೇಕ್ಸ್ ಅನಾಲಿಸಿಸ್ ಯುನಿಟ್‌ನ ವಾಟ್ಸಾಪ್ ಇದೆ. ಹಿಂದಿ, ತೆಲುಗು, ತಮಿಳು, ಇಂಗ್ಲಿಷ್ ಆಡಿಯೊ, ವಿಡಿಯೊಗೆಂದು ಶುರುವಾದದ್ದು. ಕನ್ನಡ ಸೇರಿಸದಿದ್ದದ್ದು ಕೊರತೆಯೇ, ಗುರುಮಠಕಲ್ ಕಡೆಯ ತೆಲುಗು ಕ್ಲಿಪ್ಪಿಗಂತೂ ಕೆಲಸಕ್ಕೆ ಬರುತ್ತದೆ.

ವಕೀಲ ಶಹಾಪುರ

ಎಲ್ಲರೂ ಮರೆಯುವ ಹೆಜ್ಜೆ ಸಾಕ್ಷಿ ಉಳಿಸುವುದು. ಗಾಬರಿಯಲ್ಲಿ ಅಡ್ಮಿನ್ ಮೊದಲು 'ಡಿಲೀಟ್ ಫಾರ್ ಎವ್ರಿವನ್' ಒತ್ತಿಬಿಡುತ್ತಾರೆ. ಆಮೇಲೆ ಠಾಣೆಯಲ್ಲಿ ತೋರಿಸಲು ಏನೂ ಇರುವುದಿಲ್ಲ.

ಕ್ರಮ ಹೀಗಿರಲಿ. ಕಳಿಸಿದವರ ನಂಬರ್, ದಿನಾಂಕ, ಸಮಯ, ಗ್ರೂಪಿನ ಹೆಸರು ಕಾಣುವಂತೆ ಸ್ಕ್ರೀನ್‌ಶಾಟ್. ಹೆಸರು ಸೇವ್ ಆಗಿದ್ದರೆ ಕಾಂಟ್ಯಾಕ್ಟ್ ತೆರೆದು ನಂಬರಿನ ಇನ್ನೊಂದು ಸ್ಕ್ರೀನ್‌ಶಾಟ್. ನಂತರ ಆ ಚಾಟನ್ನು ಮೀಡಿಯಾ ಸಮೇತ ಎಕ್ಸ್‌ಪೋರ್ಟ್ ಮಾಡಿ. ಆಮೇಲೆ ಡಿಲೀಟ್ ಮಾಡಿ, ಗ್ರೂಪನ್ನು 'ಅಡ್ಮಿನ್ ಮಾತ್ರ ಬರೆಯಬಹುದು' ಎಂದು ಬದಲಿಸಿ. ಇಷ್ಟಕ್ಕೆ ಐದು ನಿಮಿಷ ಸಾಕು. ವಿಡಿಯೊವನ್ನು ಮತ್ತೆ ವಾಟ್ಸಾಪಿನಲ್ಲಿ ವಿಡಿಯೊ ಆಗಿಯೇ ಪೊಲೀಸರಿಗೆ ಕಳಿಸಬೇಡಿ. ಕಳಿಸಿದಾಗ ಮತ್ತೆ ಕುಗ್ಗಬಹುದು, ಆಗ ಫೈಲು ಬದಲಾಗಿ ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಸಂಕೇತ) ಹೊಂದುವುದಿಲ್ಲ. 'ಡಾಕ್ಯುಮೆಂಟ್' ಆಗಿ ಕಳಿಸಿ ಅಥವಾ ಪೆನ್‌ಡ್ರೈವ್‌ನಲ್ಲಿ ಕೊಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಮಾಣಪತ್ರದಲ್ಲಿ ಹ್ಯಾಶ್ ಮೌಲ್ಯ ಬರೆಯಲು ಜಾಗವೇ ಇದೆ. ಮೂಲ ಫೋನ್ ರೀಸೆಟ್ ಮಾಡಬೇಡಿ.

ದೂರು ಎಲ್ಲಿಗೆ? ಜನ ಸೇರುತ್ತಿದ್ದಾರೆ, ಹೊಡೆತ ಬೀಳುವ ಸೂಚನೆ ಇದೆ ಎಂದರೆ 112. 1930 ಹಣ ಕಳೆದುಕೊಂಡವರ ಸಹಾಯವಾಣಿ, ವದಂತಿಗೆ ಅಲ್ಲ. ಅಲ್ಲಿ ಕರೆ ಮಾಡಿ ಅರ್ಧ ತಾಸು ಹಾಳು ಮಾಡಬೇಡಿ. ಭಾರತೀಯ ನ್ಯಾಯ ಸಂಹಿತೆಯ 353ನೇ ಕಲಂ ಇಂಥ ಸುಳ್ಳು, ವದಂತಿಗೆ ಅನ್ವಯಿಸುತ್ತದೆ, ಮೂರು ವರ್ಷದವರೆಗೆ ಶಿಕ್ಷೆ. ನಿಜವೆಂದು ನಂಬಲು ಸರಿಯಾದ ಕಾರಣವಿದ್ದು ಸದ್ಭಾವದಿಂದ ಹೇಳಿದವರಿಗೆ ಅದರಲ್ಲೇ ವಿನಾಯಿತಿ ಇದೆ. ಅಡ್ಮಿನ್ ಆದ ಮಾತ್ರಕ್ಕೆ ಸದಸ್ಯನ ತಪ್ಪಿಗೆ ಹೊಣೆಯಲ್ಲ ಎಂದು ಬಾಂಬೆ ಹೈಕೋರ್ಟ್ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ಆದರೆ ಅಡ್ಮಿನ್ ತಾನೇ ಹಬ್ಬಿಸಿದರೆ ಆ ರಕ್ಷಣೆ ಇಲ್ಲ.

ಸುಮ್ಮನೆ ಓದುಗ

ಇಷ್ಟು ತ್ರಾಸ ಯಾಕ ತಗೋತೀರಿ. ಡಿಸಿ ಸಾಹೇಬರು ಎರಡು ದಿನ ನೆಟ್ ಬಂದ್ ಮಾಡಿದ್ರ ಆಯ್ತಲ್ಲ.

ವಕೀಲ ಶಹಾಪುರ

ನೆಟ್ ನಿಲ್ಲಿಸುವ ಆದೇಶ ಸಾಮಾನ್ಯವಾಗಿ ರಾಜ್ಯದ ಗೃಹ ಇಲಾಖೆಯ ಮಟ್ಟದಲ್ಲಿ ಆಗಬೇಕು, ಒಂದು ಆದೇಶ 15 ದಿನ ಮೀರಬಾರದು, ಆದೇಶ ಪ್ರಕಟಿಸಬೇಕು. ಪ್ರಕಟಣೆ ಕಡ್ಡಾಯವಾದದ್ದು ಸುಪ್ರೀಂ ಕೋರ್ಟಿನ 2020ರ ಅನುರಾಧಾ ಭಾಸಿನ್ ತೀರ್ಪಿನಿಂದ. ಕಾನೂನು ಒತ್ತಟ್ಟಿಗಿರಲಿ, ನೆಟ್ ನಿಂತರೆ ವದಂತಿ ಫೋನ್ ಕರೆಯಲ್ಲಿ ಓಡುತ್ತದೆ, ಅದನ್ನು ಅಲ್ಲಗಳೆಯುವ ಫೋಟೊ, ವಿಡಿಯೊ ಮಾತ್ರ ಓಡುವುದಿಲ್ಲ. 2012ರ ಆಗಸ್ಟ್‌ನಲ್ಲಿ ಈಶಾನ್ಯ ರಾಜ್ಯದವರು ಬೆಂಗಳೂರು ಬಿಟ್ಟು ಹೊರಟಾಗ ಸರ್ಕಾರ ಬಲ್ಕ್ ಎಸ್ಸೆಮ್ಮೆಸ್ ನಿಷೇಧಿಸಿ, ಒಬ್ಬರಿಗೆ ದಿನಕ್ಕೆ 5 ಎಸ್ಸೆಮ್ಮೆಸ್ ಎಂಬ ಮಿತಿ ಹಾಕಿತು. ತಿರುಚಿದ ಚಿತ್ರಗಳಲ್ಲಿ ಹೆಚ್ಚಿನವು ಪಾಕಿಸ್ತಾನದಿಂದ ಏರಿಸಿದವು ಎಂದು ಕೇಂದ್ರ ಗೃಹ ಕಾರ್ಯದರ್ಶಿ ಹೇಳಿದರು. ಮಿತಿ ಬರುವ ಹೊತ್ತಿಗೆ ಗುವಾಹಟಿ ಕಡೆಗೆ ವಿಶೇಷ ರೈಲುಗಳು ಹೊರಟಾಗಿತ್ತು.

ಯಾವುದು ಸುಳ್ಳು ಎಂದು ಸರ್ಕಾರವೇ ತೀರ್ಮಾನಿಸಲಿ ಎಂಬ ವಾದಕ್ಕೂ ನನ್ನ ವಿರೋಧವಿದೆ. ಕೇಂದ್ರದ ಫ್ಯಾಕ್ಟ್ ಚೆಕ್ ಘಟಕಕ್ಕೆ ಆ ಅಧಿಕಾರ ಕೊಟ್ಟ 2023ರ ನಿಯಮ ತಿದ್ದುಪಡಿಯನ್ನು ಬಾಂಬೆ ಹೈಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ರದ್ದು ಮಾಡಿತು, ಸರಿಯಾಗಿಯೇ ಮಾಡಿತು.

ಬೂತ್ ಚಿತ್ತಾಪುರ

ಚುನಾವಣೆ ಬಗ್ಗೆ ಯಾರೂ ಬರೀಲಿಲ್ಲ, ಅಲ್ಲೇ ಅದ ಮುಖ್ಯ ಹೊಡೆತ. ಹೊರಗಿನವರಿಗೆ ಇವನೇ ಗೆಲ್ಲಬೇಕು ಅಂತಿಲ್ಲ. ಗೆದ್ದವನ್ನ ಸೋತವರು ನಂಬಬಾರದು, ಅಷ್ಟಾದ್ರ ಅವರ ಕೆಲಸ ಆದಂಗ.

ಇದಕ್ಕ ಮದ್ದು ಬೂತಿನಾಗೇ ಅದ. ಮತದಾನಕ್ಕ 90 ನಿಮಿಷ ಮೊದಲು ಅಣಕು ಮತದಾನ, ಕನಿಷ್ಠ 50 ಓಟು, ಏಜೆಂಟರ ಎದುರಿಗೆ. ಏಜೆಂಟರು ನಿದ್ದಿ ಬಿಟ್ಟು ಅಷ್ಟೊತ್ತಿಗೆ ಹೋಗಂಗಿಲ್ಲ, ಆಮ್ಯಾಲ "ಯಂತ್ರ ಸರಿ ಇರಲಿಲ್ಲ" ಅಂತಾರ. ಯಾರಿಗೆ ಓಟು ಬಿತ್ತು ಅಂತ ತೋರಿಸೋ ವಿವಿಪ್ಯಾಟ್ ಚೀಟಿ 7 ಸೆಕೆಂಡ್ ಕಾಣ್ತದ, ಅದನ್ನ ನೋಡ್ರಿ ಅಂತ ಮತದಾರರಿಗೆ ಮೊದಲೇ ಹೇಳಬೇಕು. ಸಂಜಿಗೆ ಪ್ರಿಸೈಡಿಂಗ್ ಆಫೀಸರ್ ಸಹಿ ಇರೋ 17ಸಿ ಫಾರಂ ಪ್ರತಿ ಕೇಳಿ ತಗೋರಿ. ಆ ಬೂತಿನಾಗ ಎಷ್ಟು ಓಟು ಬಿದ್ದವು ಅನ್ನೋ ಲೆಕ್ಕ ಅದರಾಗ ಇರ್ತದ. ಎಣಿಕಿ ದಿನ ಅದನ್ನ ಹಿಡ್ಕೊಂಡು ಕುಂತ್ರ "ರಾತ್ರೋರಾತ್ರಿ ಓಟು ಹೆಚ್ಚಾದವು" ಅನ್ನೋ ಮಾತಿಗೆ ಬೂತಿಗೊಂದು ಕಾಗದ ಉತ್ತರ ಹೇಳ್ತದ. ತೈವಾನಿನಾಗ ಒಂದೊಂದೇ ಮತಪತ್ರ ಎತ್ತಿ ತೋರಿಸಿ, ಕೂಗಿ ಎಣಿಸ್ತಾರ, ಯಾರು ಬೇಕಾದ್ರೂ ನಿಂತು ನೋಡಬಹುದು. 2024ರ ಜನವರಿ ಚುನಾವಣೆಯಾಗ ಎಣಿಕಿ ಮೋಸ ಅಂತ ವಿಡಿಯೊ ಹಬ್ಬಿದಾಗ ಆ ಬಯಲು ಎಣಿಕಿನೇ ಕೈ ಹಿಡೀತು.

ಒಂದು ಮಾತು ಖಡಕ್ಕಾಗಿ ಹೇಳ್ತೀನಿ. ತಕರಾರು ಮಾಡಿದವರನ್ನೆಲ್ಲ "ವಿದೇಶಿ ಪಿತೂರಿ" ಅನ್ನಬ್ಯಾಡ್ರಿ. ಆಳಂದದಾಗ ಮತದಾರರ ಹೆಸರು ತೆಗೀಲಿಕ್ಕ 6,018 ಅರ್ಜಿ ಬಂದಿದ್ದವು, ಪರಿಶೀಲನಾದಾಗ ಸರಿ ಅಂತ ಕಂಡದ್ದು 24. ಅದು ದಾಖಲೆ ಇರೋ ದೂರು. ಅಂಥಾದ್ದಕ್ಕ ಉತ್ತರ ಕೊಡಲಾರದೆ ಬಾಯಿ ಮುಚ್ಚಿಸಿದ್ರ ಹೊರಗಿನವರಿಗೆ ಹಬ್ಬ.

ಬಸವಕಲ್ಯಾಣ ಟೀಚರ್

ಮುರ್ಕಿಯ ಮಾತು ಬಂತಲ್ಲ, ಅದಕ್ಕೆ ಹೊಂದುವ ಒಂದು ಪ್ರಕರಣ ಸ್ವೀಡನ್ನಿನದು. 2021ರ ಕೊನೆಯಿಂದ "ಸ್ವೀಡನ್ ಸರ್ಕಾರ ಮುಸ್ಲಿಂ ಮಕ್ಕಳನ್ನು ಅಪಹರಿಸುತ್ತಿದೆ" ಎಂಬ ಪ್ರಚಾರ ಅರಬ್ಬಿ ಭಾಷೆಯಲ್ಲಿ ಹಬ್ಬಿತು. ಆಧಾರವಾಗಿ ತೋರಿಸಿದ್ದು ಅಲ್ಲಿ ನಿಜಕ್ಕೂ ಇರುವ ಮಕ್ಕಳ ರಕ್ಷಣಾ ಕಾನೂನು. ಹೊರದೇಶದ ಸುಳ್ಳು ಪ್ರಚಾರ ಎದುರಿಸಲು 2022ರ ಜನವರಿ 1ರಂದು ಅಲ್ಲಿ ಶುರುವಾದ ಮಾನಸಿಕ ರಕ್ಷಣಾ ಸಂಸ್ಥೆಗೆ ಇದೇ ಮೊದಲ ದೊಡ್ಡ ಪರೀಕ್ಷೆ. ಅಧಿಕಾರಿಗಳು ಸ್ವೀಡಿಷ್‌ನಲ್ಲಿ ಮಾತ್ರ ಅಲ್ಲಗಳೆದು ಸುಮ್ಮನಾಗಲಿಲ್ಲ, ಕಾನೂನು ಏನು ಹೇಳುತ್ತದೆ ಎಂಬುದನ್ನು ಅರಬ್ಬಿಯಲ್ಲೂ ಬರೆದರು. ಮಕ್ಕಳ ಭಯ ಯಾವ ದೇಶದಲ್ಲಾದರೂ ಬೇಗ ಹತ್ತಿಕೊಳ್ಳುವ ಬೆಂಕಿ. ಸುಳ್ಳು ಯಾವ ಭಾಷೆಯಲ್ಲಿ ಬಂತೋ ಉತ್ತರ ಆ ಭಾಷೆಯಲ್ಲೇ ಹೋಗಬೇಕು.

ಜಗತ್ ಸರ್ಕಲ್

ಇದನ್ನೇ ಹೇಳಬೇಕಂತಿದ್ದೆ ಮೇಡಂ. ನಮ್ಮ ಕಡಿ ಉತ್ತರ ಎಲ್ಲಾ ಶುದ್ಧ ಪುಸ್ತಕದ ಕನ್ನಡದಾಗ, ಪಿಡಿಎಫ್‌ನಾಗ ಬರ್ತದ. ಸುಳ್ಳು ಮಾತ್ರ ದಖನಿಯಾಗ, ಲಂಬಾಣಿಯಾಗ, ಮರಾಠಿ ಬೆರೆಸಿದ ಬೀದರ್ ಕನ್ನಡದಾಗ, ಆಡಿಯೊ ಆಗಿ ಬರ್ತದ. ಆಟೊ ಓಡಿಸೋನು ಪಿಡಿಎಫ್ ತೆಗೀತಾನೇನು?

ಉತ್ತರ ಬರೆಯೋ ರೀತಿ: ಮೊದಲ ಸಾಲಿನಾಗ ನಿಜ ಏನು ಅನ್ನೋದು, ಎರಡನೇದ್ರಾಗ ಸುಳ್ಳಿನ ಉಲ್ಲೇಖ ಒಂದೇ ಸಲ, ಮೂರನೇದ್ರಾಗ ಹೆಂಗ ಗೊತ್ತಾಯ್ತು, ಕೊನಿಗೆ ಮತ್ತ ನಿಜ. ಸುಳ್ಳಿನ ತಲೆಬರಹ ಹಂಗೇ ಹಾಕಿ ಕೆಳಗ "ಸುಳ್ಳು" ಅಂತ ಸಣ್ಣ ಅಕ್ಷರದಾಗ ಬರೀಬ್ಯಾಡ್ರಿ. ಮತ್ತ ಮತ್ತ ಕೇಳಿದ್ದು ಖರೇ ಅನಿಸ್ತದ ಅನ್ನೋದನ್ನ ಮನಃಶಾಸ್ತ್ರದವರು 1977ರಾಗೇ ಪ್ರಯೋಗ ಮಾಡಿ ತೋರಿಸ್ಯಾರ. ನಮ್ಮ ಅಲ್ಲಗಳೆಯೋ ಪೋಸ್ಟರೇ ಆ ಮತ್ತೊಂದು ಸಲ ಆಗಬಾರದು. ತೈವಾನ್ ಸರ್ಕಾರದವರು 200 ಪದದೊಳಗ, ಎರಡು ಚಿತ್ರದಾಗ ಮುಗಿಸ್ತಾರ, ಅದೂ ತಾಸು ಎರಡು ತಾಸಿನಾಗ, ನಗಿ ಬರೋ ಹಂಗ.

ಸುಳ್ಳು ಇನ್ನೂ ಊರಿಗೆ ಬಂದೇ ಇಲ್ಲ ಅಂದ್ರ ಉತ್ತರಾನೂ ಬ್ಯಾಡ. 40 ಜನ ನೋಡಿದ್ದನ್ನ ನಾವು 4,000 ಜನಕ್ಕ ತೋರಿಸಿದಂಗ ಆಗ್ತದ. ಗುರುತು ಸರಳ: ವಾಟ್ಸಾಪಿನಾಗ ಎರಡು ಬಾಣದ ಗುರ್ತು, 'ಬಹಳ ಸಲ ಫಾರ್ವರ್ಡ್ ಆಗಿದೆ' ಅಂತ ಇದ್ರ ಕನಿಷ್ಠ ಐದು ಕೈ ದಾಟಿ ಬಂದದ. ಅಂಥಾದನ್ನ ಒಂದು ಸಲಕ್ಕ ಒಂದೇ ಚಾಟಿಗೆ ಕಳಿಸಬಹುದು, 2020ರಿಂದ ಹಂಗ. ಐದು ಚಾಟಿನ ಮಿತಿ ಬಂದದ್ದು 2018ರಾಗ, ಮುರ್ಕಿ ಆದ ಒಂದು ವಾರಕ್ಕ. ಆದ್ರ ಡೌನ್‌ಲೋಡ್ ಮಾಡಿ ಹೊಸದಾಗಿ ಹಾಕಿದ್ರ ಬಾಣ ಮಾಯ. ಅದಕ್ಕ ಬಾಣ ಇಲ್ಲ ಅಂದ್ರ ತಾಜಾ ಅಂತ ತಿಳ್ಕೋಬ್ಯಾಡ್ರಿ. ಎರಡು ಬ್ಯಾರೆ ಓಣಿ, ಎರಡು ಬ್ಯಾರೆ ಭಾಷೆ ಗ್ರೂಪಿನಾಗ ಕಂಡ್ರ ಉತ್ತರ ಬಿಡೋ ವ್ಯಾಳ್ಯಾ ಬಂತು.

ಗುರುಮಠಕಲ್

ದಖನಿ, ತೆಲುಗು ಆಡಿಯೊ ಮಾಡಬೇಕಂದ್ರ ಎಷ್ಟು ಉದ್ದ ಇರಬೇಕ್ರಿ? ಯಾರ ಧ್ವನಿ? ಪೊಲೀಸರದಾ?

ಜಗತ್ ಸರ್ಕಲ್

40 ಸೆಕೆಂಡ್ ಒಳಗ. ಪೊಲೀಸ್ ಧ್ವನಿ ಬ್ಯಾಡ, ಜನ "ಮುಚ್ಚಿ ಹಾಕ್ಲಿಕ್ಕ ಹೊಂಟಾರ" ಅಂತಾರ. ಆ ಓಣಿಯಾಗ ಮಾತು ನಡಿಯೋರು ಮಾತಾಡಬೇಕು: ಆಶಾ ಕಾರ್ಯಕರ್ತೆ, ಮಸೀದಿ ಕಮಿಟಿಯವರು, ತಾಂಡಾದ ನಾಯಕ, ರೇಷನ್ ಅಂಗಡಿಯವರು. ಶುರುವಿಗೆ ತಮ್ಮ ಹೆಸರು, ಓಣಿ, ದಿನಾಂಕ, ಎಷ್ಟು ಗಂಟೆ ಅಂತ ಹೇಳಬೇಕು, ಇಲ್ಲಂದ್ರ ಆರು ತಿಂಗಳ ಮ್ಯಾಲ ಅದೇ ಆಡಿಯೊ ಬ್ಯಾರೆ ಗಲಾಟಿಗೆ ಯಾರಾದ್ರೂ ಬಳಸ್ತಾರ. ಸಂಗೀತ ಹಾಕಬ್ಯಾಡ್ರಿ. ಯಾರ ಜಾತಿ, ಧರ್ಮದ ಹೆಸರೂ ಎತ್ತಬ್ಯಾಡ್ರಿ, "ಅವರು ಮಾಡಿಲ್ಲ" ಅಂದ್ರೂ ಜನಕ್ಕ "ಅವರು" ಅಷ್ಟೇ ನೆನಪಿರ್ತದ. ರಾತ್ರಿ ಒಂಬತ್ತು ದಾಟಿದ್ರ ತೆಲುಗು ಆಡಿಯೊ ಮೊದಲು ಬಿಡ್ರಿ. ಗಡಿ ಆಚಿ ನಾರಾಯಣಪೇಟ ಕಡಿ ಗ್ರೂಪಿನವರಿಗೂ ಅದೇ ಹೊತ್ತಿಗೆ ಮುಟ್ಟಿಸ್ರಿ, ಇಲ್ಲಂದ್ರ ಇಲ್ಲಿ ಆರಿದ್ದು ಅಲ್ಲಿಂದ ಮುಂಜಾನೆ ಮತ್ತ ಬರ್ತದ.

ಗುರುಮಠಕಲ್

ಸರಿ ಅಣ್ಣಾರ. ನಾಲ್ಕು ಓಣಿ ಹೆಸರು, ಒಂದೊಂದಕ್ಕ ಇಬ್ಬಿಬ್ಬರು ಮಾತಾಡೋರು, ಪಟ್ಟಿ ಮೊದಲು ಮಾಡಿಟ್ಕೋತೀನಿ. ಒಬ್ಬರ ಫೋನ್ ಹತ್ತಲಿಲ್ಲ ಅಂದ್ರ ಇನ್ನೊಬ್ಬರು ಇರಲಿ ಅಂತ.